ಆಟಿಸಂನ ಮಾನದಂಡ 'ಸಿ': ಹೆಣ್ಣುಮಕ್ಕಳ ವಿಷಯದಲ್ಲಿ ಬಿಟ್ಟುಹೋಗುವ ಉಳಿದರ್ಧ

ಮಾನಸಿಕ ಸಮಸ್ಯೆಗಳನ್ನು ಗುರುತಿಸುವ ಅಮೆರಿಕದ ಕೈಪಿಡಿ ಡಿಎಸ್‌ಎಂ-5ರಲ್ಲಿ (2013) ಆಟಿಸಂಗೆ ಕೊಟ್ಟ ಮಾನದಂಡ ಎ, ಬಿ ಮನೋವಿಜ್ಞಾನ ಓದುವ ಎಲ್ಲರಿಗೂ ಬಾಯಿಪಾಠ: ಸಾಮಾಜಿಕ ಸಂವಹನದ ಲಕ್ಷಣಗಳಲ್ಲಿ ಮೂರಕ್ಕೆ ಮೂರೂ ಬೇಕು, ಮರುಕಳಿಸುವ ವರ್ತನೆಯಲ್ಲಿ ನಾಲ್ಕರಲ್ಲಿ ಎರಡು ಸಾಕು. ಎಡವುವುದು 'ಸಿ'ಯಲ್ಲಿ. ಲಕ್ಷಣ ಬಾಲ್ಯದಲ್ಲೇ ಇರಬೇಕು ಎಂದು ಓದಿ ಪುಟ ತಿರುಗಿಸಿಬಿಡುತ್ತೇವೆ. ಮುಂದೆ ಇನ್ನೂ ಇದೆ: ಸಾಮಾಜಿಕ ಒತ್ತಡ ತಾಕತ್ತು ಮೀರುವವರೆಗೆ ಲಕ್ಷಣ ಪೂರ್ತಿ ಕಾಣದೆ ಇರಬಹುದು, ಅಥವಾ ಕಲಿತ ಉಪಾಯಗಳಡಿ ಅಡಗಿರಬಹುದು. ಎ, ಬಿಗಳಲ್ಲೂ 'ಈಗ ಅಥವಾ ಹಿಂದೆ' ಎಂದಿದೆ.

ಆದ್ದರಿಂದ "ಮುಖ ನೋಡಿ ಮಾತಾಡ್ತಾಳೆ, ಆಟಿಸಂ ಅಲ್ಲ" ಎಂಬ ಉತ್ತರಕ್ಕೆ ಸೊನ್ನೆ. ಆ ನೋಟ ತಾನಾಗಿ ಬಂದದ್ದೋ, ಎಣಿಸಿ ಕೊಟ್ಟದ್ದೋ? ಕಣ್ಣಿನ ಬದಲು ಹುಬ್ಬಿನ ನಡುವೆ ನೋಡುವುದು, ಗೆಳತಿ ನಕ್ಕ ಮೇಲೆ ನಗುವುದು, ಫೋನ್ ಮಾಡುವ ಮುಂಚೆ ಮಾತು ಬರೆದಿಟ್ಟುಕೊಳ್ಳುವುದು, ಇವೆಲ್ಲ ಮಾಸ್ಕಿಂಗ್, ಅಂದರೆ ಲಕ್ಷಣ ಕಾಣದಂತೆ ಹಾಕಿಕೊಳ್ಳುವ ವೇಷ.

ನೆನಪಿಗೆ: ಶಾಲೆ ಯಕ್ಷಗಾನದ ರಂಗಸ್ಥಳ, ಮನೆ ಚೌಕಿ (ವೇಷ ಕಟ್ಟುವ, ಬಿಚ್ಚುವ ಜಾಗ). ಕಿರೀಟ ಬಿಚ್ಚುವುದು ಚೌಕಿಯಲ್ಲೇ. ಟೀಚರ್ "ಪಾಪದ ಹುಡುಗಿ, ಒಂದು ತೊಂದರೆ ಇಲ್ಲ" ಅನ್ನುತ್ತಾರೆ. ಅಮ್ಮ "ನಾಲ್ಕೂವರೆಗೆ ಬಂದವಳು ಬ್ಯಾಗ್ ಬಿಸಾಡಿ ಒಂದು ಗಂಟೆ ಕೂಗ್ತಾಳೆ" ಅನ್ನುತ್ತಾರೆ. ಇಬ್ಬರದ್ದೂ ನಿಜ.

ಆಟಿಸಂ ಅಳೆಯುವ ಭಾರತದ ಮಾಪನ ಐಎಸ್‌ಎಎಯಲ್ಲಿ ಏಟು ಬೀಳುವುದು ಇಲ್ಲೇ. 40 ಅಂಶ, ಪ್ರತಿಯೊಂದಕ್ಕೂ 1ರಿಂದ 5. ವರ್ತನೆ ಕಾಣುವುದು ಶೇ. 20ರವರೆಗಾದರೆ 1, ಶೇ. 80 ದಾಟಿದರೆ 5. ಒಟ್ಟು 70 ಮುಟ್ಟದಿದ್ದರೆ ಆಟಿಸಂ ಇಲ್ಲ ಎಂದಾಗುತ್ತದೆ. ತಪಾಸಣೆಯ ಕೋಣೆಯಲ್ಲಿ ಕಂಡ ಅರ್ಧ ಗಂಟೆಯಷ್ಟನ್ನೇ ನಂಬಿದರೆ 1ರ ಮೇಲೆ 1. ಅದಕ್ಕೇ ತಾಯಿಗೆ ಎರಡು ವಾರ ಬರೆದಿಡಲು ಒಂದು ಪುಸ್ತಕ ಕೊಡಿ: ಎಷ್ಟು ಗಂಟೆಗೆ, ಮುಂಚೆ ಏನಿತ್ತು (ಒದ್ದೆ ಸಾಕ್ಸ್, ಬಸ್ಸಿನ ಹಾರ್ನ್, ಬೆಂಚು ಬದಲು), ಏನಾಯಿತು, ಎಷ್ಟು ನಿಮಿಷ, ಹೇಗೆ ತಣಿಯಿತು. ಭಾನುವಾರವನ್ನೂ ಬರೆಯಿಸಿ, ಅಂದು ಕೂಗು ಇಲ್ಲದಿದ್ದರೆ ಶಾಲೆಯ ದಣಿವನ್ನು ಸಂಶಯಿಸಿ. ಆದರೆ ಅಲ್ಲಿ ಪೀಡಿಸುವವರು ಇದ್ದಾರೆಯೇ ಎಂದೂ ಕೇಳಿ.

'ಬಿ'ಯಲ್ಲಿ ಬರುವ ಒಂದೇ ವಿಷಯದ ಅತಿ ಆಸಕ್ತಿಯಲ್ಲಿ ವಿಷಯಕ್ಕಿಂತ ತೀವ್ರತೆ ಮುಖ್ಯ. ಯಕ್ಷಗಾನದ ಮರುಳು ನಮ್ಮ ಕರಾವಳಿಯಲ್ಲಿ ಯಾರಿಗಿಲ್ಲ?

ಒಂದು ಊರಿನ ಪೇಚು: ಪುಸ್ತಕದ ಭಾಷೆಯಲ್ಲಿ ಮಾತಾಡುವುದೂ ಲಕ್ಷಣ ಎಂದು ಓದುತ್ತೇವೆ. ಮಂಗಳೂರಲ್ಲಿ ಬಸ್ ಕಂಡಕ್ಟರೂ ಪುಸ್ತಕದ ಕನ್ನಡವೇ! ಹಾಗಾಗಿ ಕನ್ನಡವೊಂದನ್ನೇ ನಂಬದೆ, ತುಳು ಮನೆಯಾದರೆ ಅಜ್ಜಿಯ ಹತ್ತಿರ ತುಳುವಿನಲ್ಲಿ ಹೇಗೆ ಮಾತಾಡುತ್ತಾಳೆ ಎಂದು ಕೇಳಿ.

ಶಾಲೆಗೆ ಪತ್ರ ಬರೆಯುವಾಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿ. ಆಟಿಸಂ ಅದರ 21 ವೈಕಲ್ಯಗಳಲ್ಲಿದೆ. "ಸಹಕರಿಸಿ" ಎಂದಷ್ಟೇ ಬರೆದರೆ ಫೈಲಿಗೆ ಹೋಗುತ್ತದೆ. ಊಟದ ಬಿಡುವಿನಲ್ಲಿ ಹತ್ತು ನಿಮಿಷ ಲೈಬ್ರರಿ, ಬೆಂಚು ಬದಲಿಸುವುದಾದರೆ ಹಿಂದಿನ ದಿನವೇ ಸೂಚನೆ, ಹೋಮ್‌ವರ್ಕ್ ಬೋರ್ಡಿನಲ್ಲಿ ಬರಹ: ಹೀಗೆ ಮೂರೇ ಕೇಳಿ, ದಿನಾಂಕ ಹಾಕಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.