ಕಂಪನಿ ರಿಕಾಲ್ ಮಾಡಿದ್ದ ಹಳೆಯ ರಿವಾಲ್ವರ್: ಗುಂಡು ಹಾರಿಸಬಹುದೇ?

ಪ್ರಶ್ನೆ: 1980ರ ದಶಕದ ಸ್ಮಿತ್ ಅಂಡ್ ವೆಸನ್ 686 ನನ್ನ ಕೈಗೆ ಬಂದಿದೆ. ಆ ಮಾಡೆಲ್ ರಿಕಾಲ್ ಆಗಿತ್ತಂತೆ, ಅಂದರೆ ದೋಷವಿದೆಯೆಂದು ಕಂಪನಿಯೇ ದುರಸ್ತಿಗೆ ವಾಪಸು ಕರೆಸಿಕೊಂಡಿತ್ತಂತೆ. ಹಾರಿಸಿದರೆ ಅಪಾಯವೇ?

ಉತ್ತರ: ರಿಕಾಲ್ ಎಂದ ಕೂಡಲೇ ಸಿಲಿಂಡರ್ (ಗುಂಡು ತುಂಬುವ, ತಿರುಗುವ ಉರುಳೆ) ಸಿಡಿಯುತ್ತದೆ ಎಂದು ಹೆದರುವವರೇ ಹೆಚ್ಚು. ಇಲ್ಲಿನ ದೋಷ ಅದಲ್ಲ. ಸಿಲಿಂಡರ್ ತಿರುಗದೆ ಕಚ್ಚಿಕೊಳ್ಳುವುದು. 1987ರ ಆಗಸ್ಟ್ 21ಕ್ಕಿಂತ ಮೊದಲು ತಯಾರಾದ 581, 586, 681, 686 ಮಾಡೆಲ್‌ಗಳಿಗೆ ಕಂಪನಿ ಈ ಎಚ್ಚರಿಕೆ ಕೊಟ್ಟಿತ್ತು.

ಮೊದಲು ಸಿಲಿಂಡರ್ ತೆರೆದು ಆರೂ ಕೋಣೆ ಖಾಲಿ ಇವೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ಖಚಿತಪಡಿಸಿಕೊಳ್ಳಿ. ಸಿಲಿಂಡರನ್ನು ಹೊತ್ತ ತೋಳು ಚೌಕಟ್ಟಿಗೆ ಬಂದು ಕೂರುವ ಜಾಗದಲ್ಲಿ ಮಾಡೆಲ್ ಸಂಖ್ಯೆ ಒತ್ತಿರುತ್ತದೆ. 686 ಅಥವಾ 686-1 ಎಂದಿದ್ದು ಜೊತೆಗೆ ಇಂಗ್ಲಿಷಿನ ‘ಎಂ’ ಅಕ್ಷರವೂ ಇದ್ದರೆ ದುರಸ್ತಿ ಆಗಿದೆ. 686-2 ಆದರೆ ಬದಲಾವಣೆ ಕಾರ್ಖಾನೆಯಲ್ಲೇ ಆಗಿದೆ.

‘ಎಂ’ ಇಲ್ಲವೇ? ಹಾಗಾದರೆ ಕಾರಣ ತಿಳಿದಿರಬೇಕು. ಕಾಡತೂಸಿನ ತಳಕ್ಕೆ ಬಡಿಯುವ ಮೊನೆಯಾದ ಫೈರಿಂಗ್ ಪಿನ್ ಹೊರಬರುವ ರಂಧ್ರದ ಸುತ್ತ ಒಂದು ಸಣ್ಣ ಉಕ್ಕಿನ ಬಳೆ, ಅಂದರೆ ಬುಷ್ ಇದೆ. ಕೆಲವು .357 ಮ್ಯಾಗ್ನಮ್ ಕಾಡತೂಸು ಹಾರಿದಾಗ ಪ್ರೈಮರಿನ (ಕಾಡತೂಸಿನ ತಳದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಮೆತ್ತನೆಯ ಲೋಹ ಒತ್ತಡಕ್ಕೆ ಆ ರಂಧ್ರದೊಳಕ್ಕೆ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಸಿಲಿಂಡರ್ ತಿರುಗದು, ಹ್ಯಾಮರ್ (ಪಿನ್ನನ್ನು ಬಡಿಯಿಸುವ ಹಿಂದಿನ ಕುದುರೆ) ಎಳೆಯಲೂ ಬಾರದು. ಹಾರಿಸಿದ ಕಾಡತೂಸಿನ ತಳ ನೋಡಿ: ಪಿನ್ ಗುಳಿಯ ಸುತ್ತ ಉಬ್ಬಿದ ಅಂಚು ಉಗುರಿಗೆ ತಡೆಯುವಂತಿದ್ದರೆ ಇದೇ ಕಾಯಿಲೆ. ದುರಸ್ತಿಯೆಂದರೆ ಬುಷ್ ಮತ್ತು ಪಿನ್ ಎರಡನ್ನೂ ಬದಲಿಸುವುದು. ಸೀರಿಯಲ್ ಸಂಖ್ಯೆ ಕೊಟ್ಟು ಕಂಪನಿಯನ್ನೇ ಕೇಳಿ. ಬುಷ್ ಚೌಕಟ್ಟಿಗೆ ಬಿಗಿಯಾಗಿ ಕೂತಿರುವ ಭಾಗ, ಮನೆಯಲ್ಲಿ ಕೀಳಲು ಹೋಗಬೇಡಿ.

ಅಲ್ಲಿಯವರೆಗೆ ಗುರಿ ಅಭ್ಯಾಸಕ್ಕೆ ಇದೇ ರಿವಾಲ್ವರಿನಲ್ಲಿ ಹಾರುವ, ಒತ್ತಡ ಕಡಿಮೆಯಿರುವ .38 ಸ್ಪೆಷಲ್ ಕಾಡತೂಸು ಬಳಸುವುದು ಮೇಲು. ಅದರ ಗರಿಷ್ಠ ಒತ್ತಡ 17,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಮ್ಯಾಗ್ನಮ್‌ದು 35,000. ಆತ್ಮರಕ್ಷಣೆಗೆ ಮಾತ್ರ ‘ಎಂ’ ಇಲ್ಲದ 686 ಅನ್ನು ನಂಬಬಾರದು. ಎರಡನೇ ಗುಂಡು ಬೇಕಾದ ಹೊತ್ತಿಗೇ ಅದು ಕೈಕೊಡಬಹುದು.

ರಿಕಾಲ್ ಒಂದನ್ನೇ ನೋಡಿದರೆ ಸಾಲದು, ಸವೆತವನ್ನೂ ನೋಡಬೇಕು. ಖಾಲಿ ರಿವಾಲ್ವರಿನ ಸಿಲಿಂಡರಿಗೆ ಬೆರಳಿನಿಂದ ಹಗುರವಾಗಿ ತಡೆಕೊಟ್ಟು ಹ್ಯಾಮರನ್ನು ನಿಧಾನವಾಗಿ ಎಳೆಯಿರಿ. ಹ್ಯಾಮರ್ ಪೂರ್ತಿ ನಿಲ್ಲುವ ಮೊದಲೇ ಸಿಲಿಂಡರ್ ಟಕ್ಕೆಂದು ಬೀಗ ಬೀಳಬೇಕು. ಆರೂ ಕೋಣೆಗಳಿಗೂ ಹೀಗೆ ನೋಡಿ. ಒಂದು ತಡವಾದರೂ ಗುಂಡು ನಳಿಗೆಯ ಅಂಚಿಗೆ ಸವರಿ ಸೀಸದ ಚೂರು ಪಕ್ಕಕ್ಕೆ ಹಾರಬಹುದು. ಎಳೆದ ಹ್ಯಾಮರನ್ನು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿದರೆ ಜಾರಬಾರದು. ನಳಿಗೆಗೂ ಸಿಲಿಂಡರಿಗೂ ನಡುವಿನ ಸಂದು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳುಪಟ್ಟಿಗಳು) 0.004ರಿಂದ 0.010 ಇಂಚಿನೊಳಗಿರಲಿ. ಇವುಗಳಲ್ಲಿ ಯಾವುದು ತಪ್ಪಿದರೂ ಗನ್‌ಸ್ಮಿತ್ (ಬಂದೂಕು ದುರಸ್ತಿಗಾರ) ನೋಡುವ ತನಕ ಹಾರಿಸಬೇಡಿ.

ಇನ್ನೊಂದು ಮಾತು. ಕಚ್ಚಿಕೊಂಡಾಗಲೆಲ್ಲ ಬುಷ್ ಮೇಲೆ ತಪ್ಪು ಹೊರಿಸಬೇಡಿ. ಖಾಲಿ ಕಾಡತೂಸು ಹೊರತಳ್ಳುವ ನಕ್ಷತ್ರದಾಕಾರದ ತಟ್ಟೆಯ ಕೆಳಗೆ ಸುಡದ ಮದ್ದಿನ ನಾಲ್ಕು ಕಾಳು ಸಿಕ್ಕಿಕೊಂಡರೂ ಇದೇ ಲಕ್ಷಣ. ಹಲ್ಲುಜ್ಜುವ ಬ್ರಷ್ಷಿನಲ್ಲಿ ಸ್ವಚ್ಛಮಾಡಿದರೆ ಸರಿಹೋಗುತ್ತದೆ. ರೇಂಜಿನಲ್ಲಿ ಗುಂಡು ತುಂಬಿರುವಾಗಲೇ ಸಿಲಿಂಡರ್ ಕಚ್ಚಿದರೆ ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಗಿರಲಿ, ಸುತ್ತಿಗೆ ಗಿತ್ತಿಗೆ ಎತ್ತದೆ ರೇಂಜಿನ ಉಸ್ತುವಾರಿಯನ್ನು ಕರೆಯಿರಿ.