ಅಮೆರಿಕದ ‘ಸ್ಟಾರ್ಟಪ್ ವೀಸಾ’ ವೀಸಾ ಅಲ್ಲ, ಪೆರೋಲ್

‘ಅಮೆರಿಕದ ಸ್ಟಾರ್ಟಪ್ ವೀಸಾ ಪಡೆಯುವುದು ಹೇಗೆ?’ ಈ ತಲೆಬರಹ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಒಳಗೆ ಓದಿದರೆ ಅದು ಇಂಟರ್‌ನ್ಯಾಷನಲ್ ಎಂಟರ್‌ಪ್ರೆನರ್ ರೂಲ್ ಬಗ್ಗೆ, ಅಂದರೆ ವಿದೇಶಿ ಸ್ಥಾಪಕರು ಅಮೆರಿಕದಲ್ಲಿದ್ದು ತಮ್ಮ ಸ್ಟಾರ್ಟಪ್ ನಡೆಸಲು ಬಿಡುವ ನಿಯಮದ ಬಗ್ಗೆ. ಅಮೆರಿಕದ ಕಾನೂನಿನಲ್ಲಿ ಸ್ಟಾರ್ಟಪ್ ವೀಸಾ ಅನ್ನುವುದೇ ಇಲ್ಲ. ಅದಕ್ಕಾಗಿ ಮಸೂದೆಗಳು ಬಂದವು, ಒಂದೂ ಪಾಸಾಗಲಿಲ್ಲ. ಈ ನಿಯಮದಲ್ಲಿ ಸಿಗುವುದು ಪೆರೋಲ್.

ಜೈಲಿನ ಪೆರೋಲ್ ಗೊತ್ತಲ್ವಾ? ಹೊರಗೆ ಓಡಾಡಬಹುದು, ಆದರೆ ಶಿಕ್ಷೆ ಮುಗಿದಿರುವುದಿಲ್ಲ. ಇಲ್ಲಿ ಯಾರೂ ಕೈದಿಯಲ್ಲ, ಆದರೂ ತಿರುಳು ಹತ್ತಿರದ್ದೇ. ಪೆರೋಲ್ ಮೇಲೆ ಬಂದವರು ವಿಮಾನ ಇಳಿದು, ಕಚೇರಿ ತೆರೆದು, ಕೆಲಸ ಮಾಡುತ್ತಿದ್ದರೂ ಕಾನೂನಿನ ಲೆಕ್ಕದಲ್ಲಿ ಅವರಿಗೆ ‘ಪ್ರವೇಶ’ ಸಿಕ್ಕಿಲ್ಲ. ಹೊರಗಿನಿಂದ ಬಂದವರಿಗೆ ಕೊಡುವ ಐ-94 ಎಂಬ ದಾಖಲೆಯಲ್ಲಿ ಪಿಇ-1 ಎಂಬ ಗುರುತು ಇರುತ್ತದೆ, ಅಷ್ಟೆ. ದೇಶಕ್ಕೆ ದೊಡ್ಡ ಲಾಭವಿದೆ ಅಂತ ಸರ್ಕಾರಕ್ಕೆ ಅನ್ನಿಸಿದರೆ ಒಬ್ಬೊಬ್ಬರ ಅರ್ಜಿ ನೋಡಿ ಕೊಡುತ್ತದೆ. ಬೇಡ ಅನ್ನಿಸಿದರೆ ವಾಪಸ್ ಪಡೆಯಲೂಬಹುದು.

ಇದನ್ನು ಸುಮ್ನೆ ಹೆಸರಿನ ಜಗಳ ಅನ್ನುವವರು ಈ ನಿಯಮದ ಕಥೆ ನೋಡಬೇಕು. ಒಬಾಮಾ ಸರ್ಕಾರ ಅಧಿಕಾರ ಬಿಡುವ ಮೂರು ದಿನ ಮೊದಲು, 2017ರ ಜನವರಿ 17ರಂದು, ಇದನ್ನು ಪ್ರಕಟಿಸಿತು. ಜುಲೈನಲ್ಲಿ ಜಾರಿಯಾಗಬೇಕಿತ್ತು. ಟ್ರಂಪ್ ಸರ್ಕಾರ ಮುಂದೂಡಿತು. ಸ್ಟಾರ್ಟಪ್‌ಗಳಿಗೆ ಹಣ ಹಾಕುವ ವೆಂಚರ್ ಕ್ಯಾಪಿಟಲ್ ಕಂಪನಿಗಳ ಸಂಘ ಕೋರ್ಟಿಗೆ ಹೋಯಿತು, ಡಿಸೆಂಬರಿನಲ್ಲಿ ಕೋರ್ಟು ಆ ಮುಂದೂಡಿಕೆಯನ್ನು ರದ್ದು ಮಾಡಿತು. 2018ರಲ್ಲಿ ನಿಯಮವನ್ನೇ ತೆಗೆದುಹಾಕುವ ಪ್ರಸ್ತಾವ ಬಂತು, 2021ರಲ್ಲಿ ಬೈಡನ್ ಸರ್ಕಾರ ಆ ಪ್ರಸ್ತಾವವನ್ನು ಹಿಂದಕ್ಕೆ ಪಡೆಯಿತು. ಇದನ್ನು ನಂಬಿ ಕಂಪನಿ ಕಟ್ಟಲು ಹೊರಟವರ ಪಾಡು ಏನಾಗಿರಬೇಡ! ಸಂಸತ್ತು ಮಾಡಿದ ವೀಸಾ ವರ್ಗವನ್ನು ಒಂದು ಸರ್ಕಾರ ಹೀಗೆ ಎತ್ತಿಹಾಕಲು ಆಗುವುದಿಲ್ಲ.

ಷರತ್ತುಗಳು ಕಡಿಮೆಯೇನಿಲ್ಲ. ಕಂಪನಿ ಶುರುವಾಗಿ ಐದು ವರ್ಷ ದಾಟಿರಬಾರದು. ಅರ್ಜಿದಾರರ ಪಾಲು ಕನಿಷ್ಠ ಶೇ. 10 ಇರಬೇಕು. 2024ರ ಅಕ್ಟೋಬರಿನಿಂದ, ಅರ್ಹ ಹೂಡಿಕೆದಾರರಿಂದ 3,11,071 ಡಾಲರ್ ಅಥವಾ ಸರ್ಕಾರಿ ಅನುದಾನವಾಗಿ 1,24,429 ಡಾಲರ್ ಬಂದಿರಬೇಕು. ಮೊದಲ ಸಲ 30 ತಿಂಗಳವರೆಗೆ, ಆಮೇಲೆ ಇನ್ನೊಂದು 30 ತಿಂಗಳವರೆಗೆ ಸಿಗಬಹುದು. ಒಂದು ಕಂಪನಿಗೆ ಮೂವರು ಸ್ಥಾಪಕರಿಗಿಂತ ಜಾಸ್ತಿ ಇಲ್ಲ.

ಎಚ್-1ಬಿ ಎಂಬ ಉದ್ಯೋಗ ವೀಸಾ ಮೇಲೆ ಕೆಲಸ ಮಾಡುತ್ತಾ, ಬಿಟ್ಟು ಸ್ವಂತ ಕಂಪನಿ ಮಾಡೋಣ ಅಂದುಕೊಂಡವರಿಗೆ ಈ ವ್ಯತ್ಯಾಸ ನೇರವಾಗಿ ತಟ್ಟುತ್ತದೆ. ಅಮೆರಿಕದಲ್ಲೇ ಕೂತು ಪೆರೋಲ್‌ಗೆ ಬದಲಾಯಿಸಿಕೊಳ್ಳಲು ಆಗುವುದಿಲ್ಲ, ದೇಶ ಬಿಟ್ಟು ಹೋಗಿ ಪೆರೋಲ್ ಮೇಲೆ ವಾಪಸ್ ಬರಬೇಕು. ಆಮೇಲೆ ಕಂಪನಿ ಮುಳುಗಿ ಮತ್ತೆ ಎಚ್-1ಬಿಗೆ ಮರಳಬೇಕಾದರೂ ಅಷ್ಟೇ: ಮೊದಲು ಹೊರಗೆ ಹೋಗಬೇಕು. ವೀಸಾ ಅಂತ ತಲೆಬರಹ ಕೊಟ್ಟವರು ಇದನ್ನು ಹೇಳುವುದೇ ಇಲ್ಲ.