ಐನೂರು ಯೂರೋ ಕೊಟ್ಟವರೆಲ್ಲ ಮಾಲೀಕರು: ಬರ್ಲಿನ್ನಿನ ‘ಟಾಟ್ಸ್’ ಪತ್ರಿಕೆಯ ಹಿನ್ನೆಲೆ

2009ರಲ್ಲಿ ಬರ್ಲಿನ್ನಿನ ಎಡಪಂಥೀಯ ದಿನಪತ್ರಿಕೆಯೊಂದಕ್ಕೆ ಹೊಸ ಮಾಲೀಕರೊಬ್ಬರು ಸೇರಿಕೊಂಡರು. ಹೆಸರು ಕೈ ಡೀಕ್‌ಮನ್. ಆಗ ಅವರ ಉದ್ಯೋಗ ‘ಬಿಲ್ಡ್’ ಪತ್ರಿಕೆಯ ಪ್ರಧಾನ ಸಂಪಾದಕತ್ವ. ದಪ್ಪಕ್ಷರದ ತಲೆಬರಹಗಳ, ಬಲಕ್ಕೆ ವಾಲಿದ ಬಿಲ್ಡ್ ಜರ್ಮನಿಯಲ್ಲಿ ಅತಿ ಹೆಚ್ಚು ಮಾರಾಟವಾಗುವ ಪತ್ರಿಕೆ. ಅದನ್ನು ಟೀಕಿಸುವುದನ್ನೇ ಈ ಎಡಪಂಥೀಯ ಪತ್ರಿಕೆ ಮೂರು ದಶಕಗಳಿಂದ ಒಂದು ಉಪಕಸುಬು ಮಾಡಿಕೊಂಡಿತ್ತು. ಅಂಥ ಬಿಲ್ಡ್‌ನ ಸಂಪಾದಕರೇ ಷೇರು ಕೊಂಡು ಸದಸ್ಯರಾದರು. ಕನಿಷ್ಠ ಷೇರು 500 ಯೂರೋ. ಒಮ್ಮೆಗೆ ಆಗದಿದ್ದರೆ ತಿಂಗಳಿಗೆ 25ರಂತೆ ಇಪ್ಪತ್ತು ಕಂತು. ಎಷ್ಟು ಷೇರಿದ್ದರೂ ಸಭೆಯಲ್ಲಿ ಒಂದೇ ಮತ.

ಪತ್ರಿಕೆಯ ಪೂರ್ತಿ ಹೆಸರು ‘ಡಿ ಟಾಗೆಸ್‌ಟ್ಸೈಟುಂಗ್’. ಅದರ ಅರ್ಥ ‘ದಿನಪತ್ರಿಕೆ’, ಅಷ್ಟೇ. ಬಸ್ಸಿಗೆ ‘ಬಸ್ಸು’ ಎಂದು ಹೆಸರಿಟ್ಟ ಹಾಗೆ. ಓದುಗರ ಬಾಯಲ್ಲಿ ಅದು ‘ಟಾಟ್ಸ್’. ಜರ್ಮನ್ನಿನಲ್ಲಿ ‘ಟಾಟ್ಸೆ’ ಎಂದರೆ ಪ್ರಾಣಿಯ ಪಂಜ. ಈ ಶ್ಲೇಷೆಯಿಂದಲೇ ಕೆಂಪು ಪಂಜದ ಗುರುತು ಪತ್ರಿಕೆಯ ಚಿಹ್ನೆಯಾಯಿತು. ಆ ಚಿಹ್ನೆಯನ್ನು ಸಕಾಲದಲ್ಲಿ ನೋಂದಾಯಿಸಿಕೊಳ್ಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪಂಜದ ಗುರುತಿನಡಿ ಚಾರಣದ ಉಡುಪು ಮಾರುವ ಜ್ಯಾಕ್ ವುಲ್ಫ್‌ಸ್ಕಿನ್ ಕಂಪನಿ ನೋಂದಾಯಿಸಿಕೊಂಡಿತ್ತು. ಚೀಲ, ಅಂಗಿಗಳ ಮೇಲೆ ಪಂಜ ಹಾಕಿ ಮಾರುವ ವಿಚಾರದಲ್ಲಿ ಪತ್ರಿಕೆ ನ್ಯಾಯಾಲಯದಲ್ಲಿ ಸೋತಿತು. ದುಡ್ಡಿನ ವಿಷಯದಲ್ಲಿ ಇವರ ಅಮಾಯಕತನಕ್ಕೆ ಇದು ಒಳ್ಳೆಯ ಸಾಕ್ಷಿ. ಆದರೂ ಈ ಪತ್ರಿಕೆಯ ಚರಿತ್ರೆಯನ್ನು ಸಂಪಾದಕೀಯಗಳಿಗಿಂತ ಖರ್ಚುವೆಚ್ಚದ ಪುಸ್ತಕದಲ್ಲಿ ಓದಿದರೇ ಹೆಚ್ಚು ಅರ್ಥವಾಗುತ್ತದೆ ಎಂಬುದು ನನ್ನ ಎಣಿಕೆ.

ಕಥೆ ಶುರುವಾಗುವುದು 1977ರ ಶರತ್ಕಾಲದಲ್ಲಿ. ಪಶ್ಚಿಮ ಜರ್ಮನಿಯ ಉದ್ಯೋಗದಾತರ ಸಂಘದ ಅಧ್ಯಕ್ಷ ಹಾನ್ಸ್ ಮಾರ್ಟಿನ್ ಶ್ಲೈಯರ್ ಅವರನ್ನು ಸೆಪ್ಟೆಂಬರ್ 5ರಂದು ಕಲೋನ್ ನಗರದಲ್ಲಿ ರೆಡ್ ಆರ್ಮಿ ಫ್ರಾಕ್ಷನ್ ಎಂಬ ಉಗ್ರ ಎಡ ಗುಂಪು ಅಪಹರಿಸಿತು. ಸುದ್ದಿ ಹೊರಬಿಡಬೇಡಿ ಎಂದು ಸರ್ಕಾರ ಪತ್ರಿಕೆಗಳನ್ನು ಕೇಳಿಕೊಂಡಿತು. ದೊಡ್ಡ ಪತ್ರಿಕೆಗಳು ವಾರಗಟ್ಟಲೆ ಬಾಯಿ ಬಿಗಿಹಿಡಿದವು. ಅಪಹರಣ ಶ್ಲೈಯರ್ ಕೊಲೆಯಲ್ಲಿ ಮುಗಿಯಿತು. ಬಾಂಬು ಬಂದೂಕುಗಳ ದಾರಿ ಬೇಡವೆಂದ, ಆದರೆ ಸರ್ಕಾರದ ಮಾತನ್ನೂ ನಂಬದ ದೊಡ್ಡದೊಂದು ಎಡಪಂಥೀಯ ಸಮುದಾಯಕ್ಕೆ ಆ ಮೌನ ಬಹಳ ಕಾಲ ಕಾಡಿತು. ಅವರ ಬಳಿ ಊರೂರಿನ ಸಣ್ಣ ಪತ್ರಿಕೆಗಳಿದ್ದವು, ಕರಪತ್ರಗಳಿದ್ದವು. ದಿನವೂ ದೇಶಕ್ಕೆಲ್ಲ ಹೋಗುವಂಥದ್ದು ಒಂದೂ ಇರಲಿಲ್ಲ.

1978ರ ಜನವರಿ ಕೊನೆಯಲ್ಲಿ ಪಶ್ಚಿಮ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಾವಿರಾರು ಯುವಜನರು ಸೇರಿದರು. ಸಮಾವೇಶದ ಹೆಸರು ‘ತುನಿಕ್ಸ್’, ಅಂದರೆ ‘ಏನೂ ಮಾಡಬೇಡ’. ಏನೂ ಮಾಡಬೇಡವೆಂದ ಆ ಸಭೆಯಿಂದಲೇ ಪತ್ರಿಕೆಯೊಂದು ಹುಟ್ಟಿತೆಂಬುದು ಅಲ್ಲಿನವರು ಇಂದಿಗೂ ಹೇಳಿ ನಗುವ ಮಾತು. ದಿನಪತ್ರಿಕೆಯ ಯೋಜನೆಯನ್ನು ಅಲ್ಲಿ ಮುಂದಿಟ್ಟವರಲ್ಲಿ ವಕೀಲ ಹಾನ್ಸ್ ಕ್ರಿಸ್ಟಿಯಾನ್ ಷ್ಟ್ರೋಬೆಲೆ ಒಬ್ಬರು. ಮುಂದೆ ಹಸಿರು ಪಕ್ಷದಿಂದ ಕ್ಷೇತ್ರವೊಂದನ್ನು ನೇರವಾಗಿ ಗೆದ್ದು ಸಂಸತ್ತಿಗೆ ಹೋದ ಮೊದಲಿಗರೂ ಇವರೇ. ಬಂಡವಾಳ ಯಾರ ಬಳಿಯೂ ಇರಲಿಲ್ಲ. ಹಾಗಾಗಿ ಪತ್ರಿಕೆ ಇನ್ನೂ ಕಾಗದದ ಮೇಲೆ ಕಾಣುವ ಮೊದಲೇ ಜನರಿಂದ ಚಂದಾ ಎತ್ತಿದರು. ಸೆಪ್ಟೆಂಬರಿನಲ್ಲಿ ಮಾದರಿ ಸಂಚಿಕೆ, ‘ಸೊನ್ನೆ ಸಂಖ್ಯೆ’, ಹೊರಬಂತು. ಓದುಗ ಮೊದಲು ದುಡ್ಡು ಕೊಡುತ್ತಾನೆ, ಪತ್ರಿಕೆ ಆಮೇಲೆ ಬರುತ್ತದೆ: ಈ ತಲೆಕೆಳಗು ವ್ಯವಹಾರ ಅಲ್ಲಿಂದಲೇ ಪತ್ರಿಕೆಯ ರಕ್ತದಲ್ಲಿ ಸೇರಿಹೋಯಿತು.

ಕಚೇರಿ ಎಲ್ಲಿರಬೇಕು ಎಂಬುದಕ್ಕೆ ಫ್ರಾಂಕ್‌ಫರ್ಟಿನವರಿಗೂ ಬರ್ಲಿನ್ನಿನವರಿಗೂ ಜಟಾಪಟಿಯೇ ನಡೆಯಿತು. ಬರ್ಲಿನ್ ಗೆದ್ದದ್ದಕ್ಕೆ ಕ್ರಾಂತಿಯ ಕಾರಣಗಳನ್ನು ಹೇಳಿದವರುಂಟು. ಲೆಕ್ಕ ಬಲ್ಲವರು ಹೇಳಿದ ಕಾರಣ ಬೇರೆ. ಪೂರ್ವ ಜರ್ಮನಿ ಕಟ್ಟಿದ ಗೋಡೆಯ ನಡುವೆ ದ್ವೀಪದಂತಿದ್ದ ಪಶ್ಚಿಮ ಬರ್ಲಿನ್ ಖಾಲಿಯಾಗದಿರಲೆಂದು ಸರ್ಕಾರ ಅಲ್ಲಿನ ಉದ್ದಿಮೆಗಳಿಗೆ ತೆರಿಗೆ ರಿಯಾಯಿತಿ, ದುಡಿಯುವವರಿಗೆ ಸಂಬಳದ ಮೇಲೆ ಶೇಕಡ 8ರಷ್ಟು ಭತ್ಯೆ ಕೊಡುತ್ತಿತ್ತು. ಸರ್ಕಾರವನ್ನು ಬೈಯಲು ಹೊರಟ ಪತ್ರಿಕೆ ಸರ್ಕಾರದ ಸಬ್ಸಿಡಿಯ ಮೇಲೆಯೇ ಕಾಲೂರಿತು. ಇದನ್ನು ಇಬ್ಬಂದಿತನ ಎನ್ನಬಹುದು. ನನಗೆ ಜಾಣತನವಾಗಿ ಕಾಣುತ್ತದೆ.

1979ರ ಏಪ್ರಿಲ್ 17, ಮಂಗಳವಾರ. ಅಂದಿನಿಂದ ಪತ್ರಿಕೆ ದಿನವೂ ಬರತೊಡಗಿತು. ಬರ್ಲಿನ್ನಿನ ವೆಡಿಂಗ್ ಬಡಾವಣೆಯ ವಾಟ್ ಬೀದಿಯಲ್ಲಿ ಕಚೇರಿ. ಪ್ರಧಾನ ಸಂಪಾದಕ ಇಲ್ಲ, ಎಲ್ಲರಿಗೂ ಒಂದೇ ಸಂಬಳ, ಎಲ್ಲ ತೀರ್ಮಾನವೂ ಎಲ್ಲರೂ ಕೂತ ಸಭೆಯಲ್ಲಿ. ಆ ಸಭೆಗಳು ಎಷ್ಟು ಹೊತ್ತು ನಡೆಯುತ್ತಿದ್ದಿರಬಹುದೆಂದು ಯಾವುದಾದರೂ ಸಂಘಟನೆಯಲ್ಲಿ ಒಂದು ವರ್ಷ ಕಳೆದವರಿಗೆ ವಿವರಿಸಬೇಕಿಲ್ಲ.

ಈ ಸಮಾನತೆ ಅಚ್ಚಿನಲ್ಲೇ ಕಾಣುತ್ತಿದ್ದ ಜಾಗವೊಂದಿತ್ತು. ಲೇಖನ ಬರೆದವರು ಬರೆದು ಕೊಡುತ್ತಿದ್ದರು, ಅಕ್ಷರ ಜೋಡಿಸುವವರು ಅದನ್ನು ಕೂರಿಸುತ್ತಿದ್ದರು. ಬೇರೆ ಪತ್ರಿಕೆಗಳಲ್ಲಿ ಅವರ ಕೆಲಸ ಅಲ್ಲಿಗೆ ಮುಗಿಯಿತು. ಇಲ್ಲಿ ಹಾಗಲ್ಲ. ವರದಿಯೊಂದನ್ನು ಓದುತ್ತ ಹೋದರೆ ವಾಕ್ಯದ ನಡುವೆ ಆವರಣ ಚಿಹ್ನೆ ತೆರೆದುಕೊಳ್ಳುತ್ತದೆ. ಅದರೊಳಗೆ ಲೇಖಕರಿಗೊಂದು ಕುಟುಕು, ಒಂದು ತಕರಾರು, ಕೆಲವೊಮ್ಮೆ ಬರೀ ಆಕಳಿಕೆ. ಕೊನೆಗೆ ‘ಅಕ್ಷರ ಜೋಡಿಸಿದವರು’ ಎಂಬ ಸಹಿ, ಅದೂ ಬೇಕೆಂದೇ ತಪ್ಪು ಕಾಗುಣಿತದಲ್ಲಿ. ಆವರಣ ಮುಚ್ಚಿ ಲೇಖನ ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತದೆ. ಲೇಖಕರು ಉರಿದುಬೀಳುತ್ತಿದ್ದರು, ಓದುಗರು ಮೊದಲು ಅದನ್ನೇ ಹುಡುಕಿ ಓದುತ್ತಿದ್ದರು.

ಸಮಾನತೆಯ ಮಾತಾಡುವ ಕಚೇರಿಯಲ್ಲಿ ಹೆಂಗಸರ ಪಾಲು ಎಷ್ಟು ಎಂಬ ಪ್ರಶ್ನೆಯೂ ಬೇಗನೇ ಬಂತು. 1980ರಲ್ಲಿ ಅಲ್ಲಿನ ಮಹಿಳೆಯರು ಮುಷ್ಕರ ಹೂಡಿ ಶೇಕಡ 52ರ ಮೀಸಲನ್ನು ಗೆದ್ದುಕೊಂಡರು. ಜನಸಂಖ್ಯೆಯಲ್ಲಿ ಇರುವಷ್ಟು, ಒಂದು ಕೂದಲೆಳೆಯೂ ಕಡಿಮೆಯಿಲ್ಲ.

ಅದೇ ವರ್ಷ ಓದುಗರ ಜೇಬಿನ ಶಕ್ತಿ ಎಷ್ಟೆಂಬುದೂ ಗೊತ್ತಾಯಿತು. ‘ಎಲ್ ಸಾಲ್ವಡಾರ್‌ಗೆ ಶಸ್ತ್ರಾಸ್ತ್ರ’ ಎಂಬ ನಿಧಿ ಸಂಗ್ರಹಕ್ಕೆ ಪತ್ರಿಕೆ ಕೈಜೋಡಿಸಿತು. ಮಧ್ಯ ಅಮೆರಿಕದ ಆ ದೇಶದ ಬಂಡುಕೋರರಿಗೆ ಕಂಬಳಿಯಲ್ಲ, ಔಷಧಿಯಲ್ಲ, ನೇರವಾಗಿ ಬಂದೂಕಿಗೇ ಹಣ. 1992ರವರೆಗೆ ಕೂಡಿದ್ದು ಸುಮಾರು 47 ಲಕ್ಷ ಮಾರ್ಕ್. ಈ ನಿಧಿ ಸರಿಯೇ ಎಂಬ ಜಗಳ ಪತ್ರಿಕೆಯ ಪುಟಗಳಲ್ಲೇ ನಡೆಯಿತು. ನನಗೂ ಅದು ಸರಿಯೆನಿಸುವುದಿಲ್ಲ. ಆದರೆ ಸಣ್ಣ ಸಣ್ಣ ಮೊತ್ತ ಕಳಿಸುವ ಸಾವಿರಾರು ಜನರ ಅಭ್ಯಾಸ ಅಲ್ಲಿ ಗಟ್ಟಿಯಾಯಿತು. ಹನ್ನೆರಡು ವರ್ಷಗಳ ಬಳಿಕ ಪತ್ರಿಕೆಯ ಜೀವ ಉಳಿಸಿದ್ದೂ ಅದೇ ಅಭ್ಯಾಸ.

1989ರ ನವೆಂಬರಿನಲ್ಲಿ ಗೋಡೆ ಬಿತ್ತು. ಅದೇ ವರ್ಷ ಕಚೇರಿ ಕೋಖ್ ಬೀದಿಗೆ, ಬಿಲ್ಡ್ ಪ್ರಕಟಿಸುವ ಸ್ಪ್ರಿಂಗರ್ ಸಂಸ್ಥೆಯ ಗೋಪುರದ ನೆರೆಗೆ, ಬಂದಿತ್ತು. ಗೋಡೆ ಬಿದ್ದ ಸಡಗರದಲ್ಲಿ ಪೂರ್ವ ಜರ್ಮನಿಗೆಂದೇ ಪ್ರತ್ಯೇಕ ಆವೃತ್ತಿ ತಂದರು. ಅಲ್ಲಿನ ಗುಪ್ತಚರ ಪೊಲೀಸರಾದ ಷ್ಟಾಸಿಯ ಒಂಬತ್ತು ಸಾವಿರಕ್ಕೂ ಹೆಚ್ಚು ವಿಳಾಸಗಳ ಪಟ್ಟಿಯನ್ನು ಪ್ರಕಟಿಸಿ ದೇಶವನ್ನು ಬೆಚ್ಚಿಬೀಳಿಸಿದರು. ಪತ್ರಿಕೋದ್ಯಮದ ಮಟ್ಟಿಗೆ ಅವು ಒಳ್ಳೆಯ ದಿನಗಳು. ಖಜಾನೆಗೆ ಮಾತ್ರ ಅಲ್ಲ. ಗೋಡೆಯೇ ಇಲ್ಲವೆಂದ ಮೇಲೆ ಗೋಡೆಯ ಸಬ್ಸಿಡಿ ಯಾಕೆ? ಸರ್ಕಾರ ನೆರವನ್ನು ಕಿತ್ತುಕೊಂಡಿತು, ಪತ್ರಿಕೆ ದಿವಾಳಿಯ ಅಂಚಿಗೆ ಬಂತು.

1991ರಲ್ಲಿ ಎರಡು ದಾರಿಗಳಿದ್ದವು. ಹಣವಂತ ಪ್ರಕಾಶನ ಸಂಸ್ಥೆಯೊಂದನ್ನು ಪಾಲುದಾರನಾಗಿ ಕರೆಯುವುದು ಒಂದು. ಸಂಪಾದಕೀಯ ವಿಭಾಗದ ಹಲವರ ಒಲವು ಅತ್ತಲೇ ಇತ್ತು. ಬರೆಯುವವರಿಗೆ ಮೊದಲು ಬೇಕಾದದ್ದು ಸಂಬಳದ ಭರವಸೆ, ತಪ್ಪೇನಿಲ್ಲ. ಇನ್ನೊಂದು, ಸಹಕಾರ ಸಂಘ: ಓದುಗರಿಗೇ ಷೇರು ಮಾರಿ ಅವರನ್ನೇ ಮಾಲೀಕರನ್ನಾಗಿ ಮಾಡುವುದು. ನವೆಂಬರಿನ ಜಗಳಗಂಟ ಸಭೆಯಲ್ಲಿ ಎರಡನೆಯದಕ್ಕೆ ಬಹುಮತ ಬಂತು. ಸೋತವರಲ್ಲಿ ಕೆಲವರು ಪತ್ರಿಕೆಯನ್ನೇ ಬಿಟ್ಟರು. ಎಲ್ಲರಿಗೂ ಒಂದೇ ಸಂಬಳ ಎಂಬ ನಿಯಮವೂ ಆ ಹೊತ್ತಿಗೆ ಸತ್ತಿತು. ಆದರ್ಶದಿಂದ ಹುಟ್ಟಿತೆಂದು ಈಗ ಹೇಳಿಕೊಳ್ಳುವ ಓದುಗರ ಮಾಲೀಕತ್ವ ನಿಜವಾಗಿ ಹುಟ್ಟಿದ್ದು ಬೇರೆ ಗತಿಯಿಲ್ಲದೆ.

ಸಹಕಾರ ಸಂಘ ಅವರಿಗೆ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲೇ ಜರ್ಮನಿಯ ಹಳ್ಳಿಗಳಲ್ಲಿ ರೈಫೈಸನ್ ಎಂಬವರು ಬೆಳೆಸಿದ ಸಾಲ ಸಂಘಗಳು ಪ್ರಸಿದ್ಧ. ಬ್ರಿಟಿಷ್ ಅಧಿಕಾರಿ ಫ್ರೆಡರಿಕ್ ನಿಕೊಲ್ಸನ್ ಅದನ್ನು ಕಂಡು ಮದ್ರಾಸ್ ಸರ್ಕಾರಕ್ಕೆ ವರದಿ ಬರೆದರು. ಅದೇ ಜಾಡಿನಲ್ಲಿ 1904ರ ಕಾಯ್ದೆ ಬಂತು, ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ನಮ್ಮ ಮೊದಲ ಕೃಷಿ ಪತ್ತಿನ ಸಂಘ ಎದ್ದಿತು. ಕಣಗಿನಹಾಳದ ರೈತನೂ ಬರ್ಲಿನ್ನಿನ ಓದುಗನೂ ಒಂದೇ ಮರದ ಎರಡು ಕೊಂಬೆಗಳಲ್ಲಿ ಕೂತವರು. ವ್ಯತ್ಯಾಸವೆಂದರೆ, ರೈತನಿಗೆ ಸಂಘದಿಂದ ಸಾಲ ಸಿಗುತ್ತಿತ್ತು. ಟಾಟ್ಸ್ ಸದಸ್ಯನಿಗೆ ಲಾಭಾಂಶವೂ ಬರುವುದಿಲ್ಲ. ಪತ್ರಿಕೆ ಬೇಕಿದ್ದರೆ ಚಂದಾ ಬೇರೆ ಕಟ್ಟಬೇಕು.

ಇನ್ನೂ ಒಂದು ವಿಚಿತ್ರ: ಮಾಲೀಕನಾದರೂ ಏನು ಬರೆಯಬೇಕೆಂದು ಅವನು ಹೇಳುವಂತಿಲ್ಲ. ಸದಸ್ಯರು ಮೇಲ್ವಿಚಾರಣಾ ಮಂಡಳಿಯನ್ನು ಆರಿಸುತ್ತಾರೆ, ಆಡಳಿತ ಮಂಡಳಿಗೆ ನೌಕರರೂ ತಮ್ಮವರನ್ನು ಕಳಿಸುತ್ತಾರೆ, ಪುಟಗಳು ಮಾತ್ರ ಸಂಪಾದಕರ ಕೈಯಲ್ಲಿ. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಗೊಣಗಬಹುದು, ಗೊಣಗುತ್ತಾರೆ ಕೂಡ. ಅದಕ್ಕೇ ಡೀಕ್‌ಮನ್ ಬಂದಾಗಲೂ ಯಾರೂ ನಿದ್ದೆಗೆಡಲಿಲ್ಲ. ಕೆಲವು ಸಾವಿರದಿಂದ ಆರಂಭವಾದ ಸದಸ್ಯತ್ವ ಇಂದು ಇಪ್ಪತ್ತು ಸಾವಿರವನ್ನು ಮೀರಿದೆ. ಪ್ರಸಾರ ಸಂಖ್ಯೆ ಒಳ್ಳೆಯ ಕಾಲದಲ್ಲಿ ಇದ್ದದ್ದೇ 60 ಸಾವಿರದ ಆಸುಪಾಸು ಎಂಬುದನ್ನು ನೆನೆದರೆ ಇದು ಸಣ್ಣ ಸಂಖ್ಯೆಯಲ್ಲ.

ಡೀಕ್‌ಮನ್‌ಗೂ ಟಾಟ್ಸ್‌ಗೂ ಹಳೆಯ ಲೆಕ್ಕವಿತ್ತು. 2002ರಲ್ಲಿ ಪತ್ರಿಕೆಯ ಕೊನೆಯ ಪುಟದ ವಿಡಂಬನಾ ಅಂಕಣ ಅವರ ಖಾಸಗಿ ಅಂಗದ ಶಸ್ತ್ರಚಿಕಿತ್ಸೆಯ ಕಲ್ಪಿತ ಕಥೆ ಕಟ್ಟಿತು. ಅವರು 30 ಸಾವಿರ ಯೂರೋ ಪರಿಹಾರ ಕೇಳಿ ಮೊಕದ್ದಮೆ ಹೂಡಿದರು. ಪರರ ಖಾಸಗಿ ಬದುಕನ್ನು ಬಯಲಿಗೆಳೆದು ವ್ಯಾಪಾರ ಮಾಡುವವರು ತಮ್ಮ ಖಾಸಗಿತನಕ್ಕೆ ಅಷ್ಟು ನೋವು ತೋರಿಸುವಂತಿಲ್ಲ ಎಂಬ ಧಾಟಿಯಲ್ಲಿ ನ್ಯಾಯಾಲಯ ಪರಿಹಾರ ನಿರಾಕರಿಸಿತು. ಮರುವರ್ಷ ಪತ್ರಿಕೆ ತನ್ನ ಇಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಶತ್ರುಗಳನ್ನೇ ಕರೆದು ಒಂದು ದಿನದ ಸಂಚಿಕೆ ಮಾಡಿಸಿತು. ಆ ದಿನದ ಪ್ರಧಾನ ಸಂಪಾದಕ ಡೀಕ್‌ಮನ್. ಸಂಚಿಕೆ ದಾಖಲೆ ಮಾರಾಟ ಕಂಡಿತು. ಎಡಪಂಥೀಯ ಪತ್ರಿಕೆ ಬಲಪಂಥೀಯನ ಕೈಯಲ್ಲಿ ಹೆಚ್ಚು ಮಾರಾಟವಾಯಿತೆಂಬುದನ್ನು ಯಾರಿಗೂ ಜೀರ್ಣಿಸಿಕೊಳ್ಳಲು ಸುಲಭವಾಗಿರಲಿಕ್ಕಿಲ್ಲ.

ನೆರೆಹೊರೆಯ ಜಗಳ ಬೀದಿಯ ಹೆಸರಿಗೂ ಹಬ್ಬಿತು. 1968ರ ಏಪ್ರಿಲ್ 11ರಂದು ವಿದ್ಯಾರ್ಥಿ ನಾಯಕ ರೂಡಿ ಡುಚ್ಕೆ ಮೇಲೆ ಗುಂಡು ಹಾರಿತ್ತು. ಸ್ಪ್ರಿಂಗರ್ ಪತ್ರಿಕೆಗಳು ಹೊತ್ತಿಸಿದ ದ್ವೇಷವೇ ಕಾರಣವೆಂದು ಅಂದು ರಾತ್ರಿ ವಿದ್ಯಾರ್ಥಿಗಳು ಇದೇ ಕೋಖ್ ಬೀದಿಯ ಸ್ಪ್ರಿಂಗರ್ ಕಟ್ಟಡಕ್ಕೆ ನುಗ್ಗಿದ್ದರು. ಗುಂಡಿನ ಗಾಯದ ಪರಿಣಾಮವಾಗಿಯೇ ಡುಚ್ಕೆ 1979ರ ಕ್ರಿಸ್‌ಮಸ್ ಮುನ್ನಾದಿನ ತೀರಿಕೊಂಡರು. 2004ರ ಕೊನೆಯಲ್ಲಿ, ಕೋಖ್ ಬೀದಿಯ ಒಂದು ಭಾಗಕ್ಕೆ ಡುಚ್ಕೆ ಹೆಸರಿಡಿ ಎಂದು ಟಾಟ್ಸ್ ಕೇಳಿತು. ಸ್ಪ್ರಿಂಗರ್ ಸಂಸ್ಥೆ ಕೋರ್ಟಿಗೆ ಹೋಯಿತು. 2007ರ ಜನವರಿಯಲ್ಲಿ ಬಡಾವಣೆಯ ಜನಮತಗಣನೆ ನಡೆದು ಶೇಕಡ 57ರಷ್ಟು ಮತ ಡುಚ್ಕೆ ಪರವಾಗಿ ಬಿದ್ದಿತು. 2008ರ ಏಪ್ರಿಲ್ 30ರಂದು ಫಲಕ ಏರಿತು. ಇಂದು ಅಲ್ಲಿ ರೂಡಿ ಡುಚ್ಕೆ ಬೀದಿಯಲ್ಲಿ ನಡೆಯುತ್ತ ಹೋದರೆ ಆಕ್ಸೆಲ್ ಸ್ಪ್ರಿಂಗರ್ ಬೀದಿ ಎದುರಾಗುತ್ತದೆ. ಒಂದೇ ಕಂಬದಲ್ಲಿ ಇಬ್ಬರ ಹೆಸರು.

ಮುಖಪುಟ ಕಟ್ಟುವುದರಲ್ಲಿ ಈ ಪತ್ರಿಕೆಯ ಕೈ ಪಳಗಿದ್ದು. 2005ರಲ್ಲಿ ಜರ್ಮನಿಯ ರಾಟ್ಸಿಂಗರ್ ಪೋಪ್ ಆದಾಗ ಬಿಲ್ಡ್ ‘ನಾವೇ ಪೋಪ್’ ಎಂದು ಬೀಗಿತು. ಟಾಟ್ಸ್ ಇಡೀ ಪುಟವನ್ನು ಕಪ್ಪು ಬಳಿದು ‘ಅಯ್ಯೋ ದೇವರೇ!’ ಎಂದಷ್ಟೇ ಬರೆಯಿತು. ಮರುವರ್ಷ ಪೋಲೆಂಡಿನ ಅಧ್ಯಕ್ಷರನ್ನು ಆಲೂಗೆಡ್ಡೆಗೆ ಹೋಲಿಸಿದ ವಿಡಂಬನೆ ಎರಡು ದೇಶಗಳ ನಡುವೆ ರಾಜತಾಂತ್ರಿಕ ಕೋಲಾಹಲವನ್ನೇ ಎಬ್ಬಿಸಿತು. ಎಲ್ಲ ಸಲವೂ ಗುರಿ ತಪ್ಪದೆ ಹೊಡೆದಿದ್ದಾರೆ ಎಂದೇನಲ್ಲ. 1988ರಲ್ಲಿ ಜನ ಕಿಕ್ಕಿರಿದ ನೃತ್ಯಶಾಲೆಯೊಂದನ್ನು ಬಣ್ಣಿಸಲು ನಾಜಿಗಳ ಅನಿಲ ಕೋಣೆಯ ಹೋಲಿಕೆ ಅಚ್ಚಾಯಿತು. ಪತ್ರಿಕೆ ತನ್ನವರನ್ನೇ ಕೆಲಸದಿಂದ ತೆಗೆಯಬೇಕಾಯಿತು. ಅಣಕಕ್ಕೂ ಹೇಸಿಗೆಗೂ ನಡುವಿನ ಗೆರೆ ಅವರಿಗೆ ಆಗಾಗ ಮಸುಕಾಗಿದೆ.

1995ರಲ್ಲೇ ಅಂತರ್ಜಾಲಕ್ಕೆ ಬಂದ ಪತ್ರಿಕೆ ಅಲ್ಲಿ ಬೇಲಿ ಹಾಕಲಿಲ್ಲ. 2011ರಿಂದ ಓದುಗರ ಮುಂದೆ ಒಂದು ವಿನಂತಿ ಬರುತ್ತದೆ: ಇಷ್ಟವಿದ್ದರೆ ದುಡ್ಡು ಕೊಡಿ. ಕೊಡದವರಿಗೂ ಲೇಖನ ತೆರೆದೇ ಇರುತ್ತದೆ. ಅಚ್ಚಿನ ಚಂದಾಕ್ಕೂ ಮೂರು ದರ: ಕಡಿಮೆ ಇದ್ದವರಿಗೆ ಕಡಿಮೆ, ಸಾಮಾನ್ಯರಿಗೆ ಸಾಮಾನ್ಯ, ಇದ್ದವರಿಗೆ ಹೆಚ್ಚು. ನೀವು ಯಾವ ಗುಂಪು ಎಂಬುದನ್ನು ನೀವೇ ಹೇಳಬೇಕು, ಯಾರೂ ಪುರಾವೆ ಕೇಳುವುದಿಲ್ಲ. 2018ರಲ್ಲಿ ಫ್ರೀಡ್ರಿಖ್ ಬೀದಿಯಲ್ಲಿ ಉಕ್ಕಿನ ಜಾಲರಿಯ ಹೊಸ ಕಟ್ಟಡ ಎದ್ದಾಗ ಅದಕ್ಕೂ ಸದಸ್ಯರ ಹಣ ಬಂತು.

ಅದೇ 2018ರಲ್ಲಿ, ಆರಂಭದಿಂದಲೂ ಲೆಕ್ಕಪತ್ರ ಹಿಡಿದುಕೊಂಡು ಬಂದಿದ್ದ ವ್ಯವಸ್ಥಾಪಕ ಕಾರ್ಲ್ ಹೈನ್ಸ್ ರೂಖ್, ಅಚ್ಚಾದ ದಿನಪತ್ರಿಕೆಯ ಕಾಲ ಮುಗಿಯಿತು ಎಂದು ಸದಸ್ಯರಿಗೆ ನೇರವಾಗಿ ಹೇಳಿದರು. ಕಾರಣದಲ್ಲಿ ಗುಟ್ಟೇನಿರಲಿಲ್ಲ. ಊರಿಗೆ ನಾಲ್ಕು ಮನೆಯಂತೆ ದೇಶವಿಡೀ ಚೆದುರಿದ ಚಂದಾದಾರರಿಗೆ ಬೆಳಗಾಗುವುದರೊಳಗೆ ಪತ್ರಿಕೆ ತಲುಪಿಸಲು ಬೇರೆಯವರ ವಿತರಣಾ ಜಾಲವೇ ಗತಿ, ಆ ಜಾಲವೇ ಕಳಚಿಕೊಳ್ಳುತ್ತಿತ್ತು. 2025ರ ಅಕ್ಟೋಬರ್ 17, ಶುಕ್ರವಾರದಂದು ವಾರದ ದಿನಗಳ ಕೊನೆಯ ಅಚ್ಚು ಸಂಚಿಕೆ ಬಂತು. ಈಗ ಶನಿವಾರದ ಸಂಚಿಕೆಯೊಂದೇ ಕಾಗದದ ಮೇಲೆ ಬರುತ್ತದೆ. ಉಳಿದ ದಿನ, ಮೊದಲ ಸಂಚಿಕೆ ಹೊರಬಿದ್ದ ಮಂಗಳವಾರವೂ ಸೇರಿದಂತೆ, ‘ದಿನಪತ್ರಿಕೆ’ಯ ಮಾಲೀಕರು ಮೊಬೈಲಿನಲ್ಲಿ ಓದುತ್ತಾರೆ.